ಕಲ್ಲಿನ ಮೇಲೆ ಮಚ್ಚೆ, ಅಕ್ಕನ ಮೇಲೆ ಗೂಬೆ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳ ಮೇಲಾಯಿತು. ಇಷ್ಟು ದಿನ ಬಿಟ್ಟು ಬಂದವನು ಏನಾದರೂ ಘನವಾದದ್ದು ಬರೆಯುತ್ತಾನೆ ಅಂದುಕೊಂಡಿದ್ದರೆ ಕ್ಷಮಿಸಿ, ಇವತ್ತಿನ ವಿಷಯ ಅಡುಗೆಮನೆಯ ಗ್ರಾನೈಟ್ ಕಟ್ಟೆ. ನಗಬೇಡಿ. ಇದಕ್ಕಿಂತ ಘನವಾದ ವಸ್ತು ನಮ್ಮ ಮನೆಯಲ್ಲಿ ಬೇರೆ ಇಲ್ಲ :)

ಮನೆ ಕಟ್ಟಿಸುವಾಗ ಅಡುಗೆಮನೆಗೆ ಅಚ್ಚ ಕಪ್ಪು ಕಲ್ಲೇ ಬೇಕು ಅಂತ ಹಟ ಹಿಡಿದವನು ನಾನು. ಅಲ್ಲಿ ನಿಂತು ಅಡುಗೆ ಮಾಡುವವರು ಅಮ್ಮ ಮತ್ತು ನನ್ನವಳು. ಅವರಿಬ್ಬರನ್ನು ಕೇಳಿದ್ದು ಕಲ್ಲು ಲಾರಿಯಿಂದ ಇಳಿದ ಮೇಲೆ. ಕೂರಿಸಿದ ದಿನ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು, ಅಂಥ ಹೊಳಪು. ವರ್ಷ ತುಂಬುವಷ್ಟರಲ್ಲಿ ಸಿಂಕಿನ ಪಕ್ಕ, ಒಲೆಯ ಮುಂದೆ, ಒರೆಸುವ ಕೈ ಓಡಾಡುವಲ್ಲೆಲ್ಲ ಬೂದು ಬೂದು ಮಚ್ಚೆ.

ಪಾತ್ರೆ ತೊಳೆಯಲು ಬರುವ ಅಕ್ಕ, ಹಿತ್ತಾಳೆ ದೀಪ ಉಜ್ಜಿ ಉಳಿದ ನಿಂಬೆ ಹೋಳನ್ನು ಕಟ್ಟೆಗೂ ತಿಕ್ಕುತ್ತಿದ್ದರು. ಜಿಡ್ಡು ಹೋಗುತ್ತದೆ ಅಂತ ಅಮ್ಮನೇ ಹೇಳಿಕೊಟ್ಟದ್ದು. ಆದರೆ ಮಚ್ಚೆ ಕಂಡ ದಿನ ನಾನು ರೇಗಿದ್ದು ಅಕ್ಕನ ಮೇಲೆ. "ಏನಕ್ಕಾ, ಇಷ್ಟು ದುಡ್ಡು ಸುರಿದು ಹಾಕಿಸಿದ ಕಲ್ಲು ಹಾಳು ಮಾಡಿಬಿಟ್ರಲ್ಲ" ಅಂದೆ. "ಇಲ್ಲ ಸಾರ್, ಅಮ್ಮೋರು ಹೇಳ್ದಂಗೇ ಮಾಡಿದ್ದು" ಅಂದರು. ಅಮ್ಮ ಮಾತಾಡದೆ ಒಗ್ಗರಣೆ ಕಡೆ ತಿರುಗಿಕೊಂಡರು. ಮಾರನೆ ದಿನದಿಂದ ಅಕ್ಕ ಕಟ್ಟೆ ಮುಟ್ಟುವುದನ್ನೇ ಬಿಟ್ಟರು. ಬರುವುದು, ಪಾತ್ರೆ ತೊಳೆಯುವುದು, ಹೋಗುವುದು. ದಿನಾ ಕೇಳುತ್ತಿದ್ದ ಕಾಫಿಯನ್ನೂ ಕೇಳಲಿಲ್ಲ.

ನನ್ನ ತಲೆಗೆ ಹುಳ ಬಿಟ್ಟದ್ದು ಹಳೆಯ ಬಾಡಿಗೆ ಮನೆಯ ಕಡಪ ಕಲ್ಲಿನ ನೆನಪು. ಅದರ ಮೇಲೆ ಹುಣಸೆಹಣ್ಣಿನ ರಸ ಚೆಲ್ಲಿದರೆ ಬೆಳ್ಳಗೆ ಕಲೆ ನಿಲ್ಲುತ್ತಿತ್ತು. ಕಾರಣ ಸರಳ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಹುಳಿ ಬಿದ್ದರೆ ಮೇಲ್ಪದರ ಕರಗುತ್ತದೆ. ಅಮೃತಶಿಲೆಯ ಜಾತಕವೂ ಅದೇ. ಗ್ರಾನೈಟಿನ ಕಥೆ ಬೇರೆ. ಅದರಲ್ಲಿರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್‌ನಂಥ ಗಟ್ಟಿ ಖನಿಜಗಳು. ಅಡುಗೆಮನೆಯ ಹುಳಿ ಅವನ್ನು ಅಷ್ಟು ಸುಲಭಕ್ಕೆ ಅಲ್ಲಾಡಿಸಲಾರದು. ಹಾಗಾದರೆ ನಮ್ಮ ಕಲ್ಲಿಗೇನಾಯಿತು?

ಸಿಂಕಿಗಾಗಿ ಕತ್ತರಿಸಿ ತೆಗೆದ ತುಂಡು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಒಂದು ಹನಿ ನಿಂಬೆರಸ ಕಾಣದ ಕಲ್ಲು ಅದು. ನನ್ನವಳ ನೈಲ್ ಪಾಲಿಶ್ ತೆಗೆಯುವ ದ್ರಾವಣದಲ್ಲಿ (ಅಸಿಟೋನ್ ಇರುವಂಥದ್ದು) ಹತ್ತಿ ಅದ್ದಿ ಅದರ ಪಾಲಿಶ್ ಮುಖಕ್ಕೆ ಉಜ್ಜಿದೆ. ಹತ್ತಿ ಕಾಡಿಗೆಯಾಯಿತು! ನಿಜವಾದ ಕರಿಕಲ್ಲು ಹೀಗೆ ಬಣ್ಣ ಬಿಡುವುದಿಲ್ಲ. ನಾನು ಹಟ ಹಿಡಿದು ತಂದದ್ದು ಬೂದು ಕಲ್ಲಿಗೆ ಕಪ್ಪು ಬಳಿದ ಮಾಲು.

ಅಂದ ಹಾಗೆ, ವ್ಯಾಪಾರದವರು ಬ್ಲ್ಯಾಕ್ ಗ್ರಾನೈಟ್ ಅನ್ನುವುದು ಭೂವಿಜ್ಞಾನದ ಲೆಕ್ಕದಲ್ಲಿ ಸಾಮಾನ್ಯವಾಗಿ ಗ್ರಾನೈಟೇ ಅಲ್ಲ. ಡಾಲರೈಟ್, ಗ್ಯಾಬ್ರೋ ಅನ್ನುವ ಕಲ್ಲುಗಳು. ಹೊರದೇಶಗಳಿಗೂ ಹೋಗುವ ನಮ್ಮ ಚಾಮರಾಜನಗರದ ಕರಿಕಲ್ಲು ಇದೇ ಬಳಗದ್ದು. ಅಚ್ಚ ಕಪ್ಪಿಗೆ ಬೆಲೆ ಜಾಸ್ತಿ, ಅದಕ್ಕೇ ಬೂದು ಕಲ್ಲಿಗೆ ಮೇಕಪ್ಪು. ಅಂಗಡಿಯವನನ್ನು ಕೇಳಲು ಹೋದೆ. "ಬಿಲ್ ತೋರ್ಸಿ ಸಾರ್" ಅಂದ. ತೆರಿಗೆ ಉಳಿಸುವ ಆಸೆಗೆ ಬಿಲ್ಲೇ ಬೇಡ ಅಂದಿದ್ದವನೂ ನಾನೇ. ತೆಪ್ಪಗೆ ವಾಪಸ್ ಬಂದೆ.

ಒಳ್ಳೆಯ ಕಲ್ಲಾದರೆ ಅದು ನಮ್ಮಿಂದ ಕೇಳುವುದು ಬಹಳ ಕಡಿಮೆ. ಒದ್ದೆ ಬಟ್ಟೆ, ಜಿಡ್ಡಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಆಮೇಲೆ ಒಣಬಟ್ಟೆ. ಈ ಒಣಬಟ್ಟೆಯೇ ಮುಖ್ಯ. ಬೋರ್‌ವೆಲ್ ನೀರು ನಿಂತು ಒಣಗಿದರೆ ನಲ್ಲಿಯ ಬುಡದಲ್ಲಿ ಕೂರುವ ಬಿಳಿ ಪೊರೆ ನೀರಿನ ಗಡಸುತನದ್ದು, ಕಲ್ಲಿನದ್ದಲ್ಲ. ಅದಕ್ಕೆ ಬಾತ್‌ರೂಮಿನ ಆ್ಯಸಿಡ್ ಸುರಿದರೆ ಪಾಲಿಶೂ ಜಾಯಿಂಟಿನ ಸಿಮೆಂಟೂ ಎರಡೂ ಕೆಡುತ್ತವೆ. ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಗ್ರಾನೈಟನ್ನೂ ತಿನ್ನುತ್ತದೆ, ಕೈಗೂ ಬಲು ಅಪಾಯ. ಹತ್ತಿರಕ್ಕೂ ತರಬೇಡಿ.

ಕಟ್ಟೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಒರೆಸಿದ ಮೇಲೆ ಅಲ್ಲಿ ಕಲ್ಲು ಕಪ್ಪಗಾಗಿದ್ದರೆ ಅದು ನೀರು ಹೀರುತ್ತಿದೆ ಅಂತ ಅರ್ಥ, ಸೀಲರ್ ಹಚ್ಚಿಸಬೇಕು. ತಿಳಿ ಬಣ್ಣದ ಕಲ್ಲಿಗೆ ಇದು ಹೆಚ್ಚು ಬೇಕಾಗುತ್ತದೆ, ಒತ್ತಾದ ಕರಿಕಲ್ಲಿಗೆ ಕಡಿಮೆ. ಎಣ್ಣೆ ಇಳಿದು ಕಲೆಯಾಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ. ಮತ್ತೆ, ಕಟ್ಟೆಯ ಅಂಚಿಗೆ ತೆಂಗಿನಕಾಯಿ ಕುಟ್ಟಬೇಡಿ, ಅಟ್ಟದ ಡಬ್ಬಿ ತೆಗೆಯಲು ಸಿಂಕಿನ ಮುಂದಿನ ಕಿರಿದಾದ ಪಟ್ಟಿ ಮೇಲೆ ಹತ್ತಬೇಡಿ. ಕಲ್ಲು ಭಾರ ಹೊರುತ್ತದೆ, ಆದರೆ ಬಾಗುವುದಿಲ್ಲ, ಸೀಳುತ್ತದೆ. ಇಷ್ಟೇ ಆರೈಕೆ.

"ಏನೇ ಆದರೂ ನಿಂಬೆಹಣ್ಣು ತಿಕ್ಕಬಾರದಿತ್ತಲ್ಲ" ಅಂತೀರೇನೋ. ಸರಿ, ಒಳ್ಳೆಯ ಅಭ್ಯಾಸವಲ್ಲ, ಸೀಲರ್ ಇದ್ದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಆದರೆ ಬಳಿದ ಬಣ್ಣ ಇವತ್ತು ನಿಂಬೆಗೆ ಹೋಗದಿದ್ದರೆ ನಾಳೆ ಸೋಪಿಗೆ ಹೋಗುತ್ತಿತ್ತು. ನನಗೆ ಚುಚ್ಚುತ್ತಿರುವುದು ಬೇರೆಯೇ. ಮನೆಯಲ್ಲಿ ಏನು ಕೆಟ್ಟರೂ ನಾವು ಕೊನೆಯಲ್ಲಿ ಮುಟ್ಟಿದವರ ಮೇಲೆ ಗೂಬೆ ಕೂರಿಸುತ್ತೇವೆ. ಮಾರಿದವನು ಸಾಚಾ, ಪರೀಕ್ಷೆ ಮಾಡದೆ ಕೊಂಡವನು ಸಾಚಾ, ಒರೆಸಿದವರು ಮಾತ್ರ ತಪ್ಪಿತಸ್ಥರು. ಕಟ್ಟೆಯ ಬಗ್ಗೆ ನಿರ್ಧಾರ ಮಾಡಿದವನು ಅದನ್ನು ಒಂದು ದಿನವೂ ಒರೆಸಿರಲಿಲ್ಲ. ದಿನಾ ಒರೆಸುವವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕರ್ರಗಾದ ಹತ್ತಿ ಹಿಡಿದು ಅಕ್ಕನ ಎದುರು ನಿಂತು "ನಂದೇ ತಪ್ಪು, ಬೇಜಾರು ಮಾಡ್ಕೋಬೇಡಿ" ಅಂದೆ. ಅವರು ಹತ್ತಿ ನೋಡಿ ಹೇಳಿದ್ದು ಇಷ್ಟೇ: "ನಂಗೊತ್ತಿತ್ತು ಸಾರ್. ಮೊದ್ಲಿಂದ್ಲೂ ಒರ್ಸೋ ಬಟ್ಟೆ ಕರ್ರಗಾಗ್ತಿತ್ತು. ನೀವು ಕೇಳ್ಲಿಲ್ವಲ್ಲ."

ಅವತ್ತು ಅಮ್ಮ ಕೊಟ್ಟ ಕಾಫಿ ಕುಡಿದು ಹೋದರು. ಮಚ್ಚೆಗಳು ಹಾಗೇ ಇವೆ. ಈಗ ರಾತ್ರಿ ಊಟವಾದ ಮೇಲೆ ಕಟ್ಟೆ ಒರೆಸುವ ಕೆಲಸ ನನ್ನದು.

ನಿಮ್ಮಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಕಲ್ಲಿನ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದಿಷ್ಟು ಅಸಿಟೋನು, ಹತ್ತಿ ಇಟ್ಟುಕೊಳ್ಳಿ. ಜೊತೆಗೆ ಅಡುಗೆಮನೆಯಲ್ಲಿ ನಿಜವಾಗಿ ಕೆಲಸ ಮಾಡುವವರನ್ನೂ ಕರೆದುಕೊಂಡು ಹೋಗಿ. ಬಿಲ್ ಮರೆಯಬೇಡಿ :)

ಏನಂತೀರಿ?