ಒತ್ತಿದವರೂ ಒಪ್ಪಿದವರೂ

ಚುಂಚನಕಟ್ಟೆಯ ದನಗಳ ಜಾತ್ರೆ ಹೊಸ ಅಗ್ರಹಾರದ ಸುತ್ತಣ ಹಳ್ಳಿಗಳ ಜನರಿಗೆ ಚಿರಪರಿಚಿತವಾದುದು. ಸಂಕ್ರಾಂತಿಯ ಆಸುಪಾಸಿನಲ್ಲಿ ನೆರೆಯುವ ಈ ಜಾತ್ರೆಗೆ ರೈತರು ತಮ್ಮ ಎತ್ತುಗಳ ಮೈ ತೊಳೆದು, ಕೊಂಬು ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ ಹೊಡೆದುಕೊಂಡು ಬರುತ್ತಾರೆ. ಒಂದು ಜೋಡಿಯನ್ನು ಕಣ್ಣೆತ್ತಿ ನೋಡುವವರು ನೂರಾರು ಮಂದಿ. ಹತ್ತಿರ ಬಂದು ಬೆನ್ನು ತಟ್ಟುವವರು ಹತ್ತಾರು ಮಂದಿ. ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಕೊನೆಗೆ ಕೊಳ್ಳುವವನು ಒಬ್ಬನೇ. ಬೆಲೆ ಕುದುರಿಸುವಾಗ ಟವಲಿನ ಮರೆಯಲ್ಲಿ ಬೆರಳುಗಳು ಮಾತನಾಡುತ್ತವೆ. ಹಿಡಿದ ಬೆರಳೇ ಆಡಿದ ಮಾತು. ಆ ಬೆರಳಿನ ಹಿಂದೆ ಕಣ್ಣಿನ ಪರೀಕ್ಷೆಯಿದೆ, ಬುದ್ಧಿಯ ವಿವೇಚನೆಯಿದೆ.

ಇಂದು ನಮ್ಮ ಕೈಯಲ್ಲಿ ಬೇರೊಂದು ಜಾತ್ರೆ ನೆರೆದಿದೆ. ಮೊಬೈಲ್ ಫೋನಿನ ಪುಟ್ಟ ಗಾಜಿನ ಮೇಲೆ ಹಗಲಿರುಳೂ ಜಾಹೀರಾತುಗಳು ಮೆರವಣಿಗೆ ಹೊರಡುತ್ತವೆ. ಇಲ್ಲಿಯೂ ವ್ಯವಹಾರ ನಡೆಯುವುದು ಬೆರಳಿನಿಂದಲೇ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಜಾತ್ರೆಯಲ್ಲಿ ನೋಡಿದ ಮೇಲೆ ಬೆರಳು. ಇಲ್ಲಿ ಬೆರಳು ಒತ್ತಿದ ಮೇಲೆ ನೋಟ. ಈ ಒಂದು ವ್ಯತ್ಯಾಸವನ್ನು ಅರಿತರೆ ಅಂತರ್ಜಾಲದ ಜಾಹೀರಾತಿನ ಗುಟ್ಟನ್ನು ಬಹುಮಟ್ಟಿಗೆ ಅರಿತಂತೆಯೇ ಸರಿ.

ಜಾಹೀರಾತು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧದ ಸಾಬೂನಿನ ತಯಾರಿಕೆ ಆರಂಭವಾದಾಗ ಅದರ ಹಿಂದಿದ್ದ ರಸಾಯನಶಾಸ್ತ್ರಜ್ಞರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಪ್ರೀತಿಯಿಂದ ‘ಸೋಪು ಶಾಸ್ತ್ರಿ’ಗಳೆಂದೇ ಕರೆದರು. ಆ ಸಾಬೂನಿನ ಪ್ರಚಾರ ಬೆಂಕಿಪೊಟ್ಟಣಗಳ ಮೇಲೂ ಟ್ರಾಮ್ ಚೀಟಿಗಳ ಮೇಲೂ ನಡೆಯಿತು. ದೂರದ ಕರಾಚಿ ನಗರದಲ್ಲಿ ಒಂಟೆಗಳ ಮೆರವಣಿಗೆಯೂ ಹೊರಟಿತು. ಆ ಮೆರವಣಿಗೆಯನ್ನು ಎಷ್ಟು ಜನ ನೋಡಿದರು, ಅವರಲ್ಲಿ ಎಷ್ಟು ಜನ ಮರುದಿನ ಅಂಗಡಿಗೆ ಹೋದರು ಎಂದು ಎಣಿಸುವ ಉಪಾಯ ಆ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲ. ಜಾಹೀರಾತು ನೀಡುವವನು ಕಗ್ಗತ್ತಲೆಯಲ್ಲಿ ಬೀಜ ಬಿತ್ತಿ, ಬೆಳೆ ಬಂದಾಗ ಸಂತೋಷಪಡುತ್ತಿದ್ದನು.

ಅಂತರ್ಜಾಲವು ಈ ಕತ್ತಲೆಯನ್ನು ಹರಿಸಿತು. ಇಲ್ಲಿ ಒಂದು ಜಾಹೀರಾತು ಎಷ್ಟು ಬಾರಿ ಕಾಣಿಸಿಕೊಂಡಿತು, ಎಷ್ಟು ಬಾರಿ ಅದನ್ನು ಒತ್ತಲಾಯಿತು ಎಂಬೆರಡನ್ನೂ ಯಂತ್ರವೇ ಎಣಿಸುತ್ತದೆ. ಹತ್ತು ಸಾವಿರ ಬಾರಿ ಕಾಣಿಸಿಕೊಂಡ ಜಾಹೀರಾತನ್ನು ಐವತ್ತು ಬಾರಿ ಒತ್ತಿದ್ದರೆ, ನೂರಕ್ಕೆ ಅರ್ಧದಷ್ಟು ಫಲ ದೊರೆಯಿತೆಂದು ಲೆಕ್ಕ. ಇದನ್ನೇ ಕ್ಲಿಕ್ ಪ್ರಮಾಣವೆಂದು ಕರೆಯುತ್ತಾರೆ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಎಟಿ ಆ್ಯಂಡ್ ಟಿ ಸಂಸ್ಥೆಯ ಒಂದು ಪಟ್ಟಿ ಜಾಹೀರಾತು ಪ್ರಕಟವಾಯಿತು. ಅದನ್ನು ನೋಡಿದವರಲ್ಲಿ ನೂರಕ್ಕೆ 44 ಮಂದಿ ಒತ್ತಿದರೆಂಬುದು ಆ ಉದ್ಯಮದಲ್ಲಿ ಇಂದಿಗೂ ಹೇಳಿಕೊಳ್ಳುವ ಮಾತು. ಇಂದಾದರೋ ಅಂತಹ ಚಿತ್ರಪಟ್ಟಿಗಳನ್ನು ಸಾಮಾನ್ಯವಾಗಿ ನೂರರಲ್ಲಿ ಒಬ್ಬರೂ ಒತ್ತುವುದಿಲ್ಲ. ಜನರು ಬದಲಾದರೇ? ಇಲ್ಲ, ಅವರ ಕಣ್ಣು ಪಳಗಿತು. ದಿನವೂ ಓಡಾಡುವ ಬೀದಿಯ ಗೋಡೆಬರಹವನ್ನು ನಾವು ನೋಡಿಯೂ ನೋಡದಂತೆ ಹೋಗುವೆವಲ್ಲವೆ? ಅದೇ ಸ್ವಭಾವ ಇಲ್ಲಿಯೂ ಕೆಲಸ ಮಾಡುತ್ತದೆ.

ಈ ಪ್ರಮಾಣಕ್ಕೆ ಇಷ್ಟೊಂದು ಬೆಲೆ ಬಂದುದು ಹೇಗೆ? ಹುಡುಕಾಟದ ತಾಣಗಳಲ್ಲಿ ಜಾಹೀರಾತಿನ ಸ್ಥಳ ಹರಾಜಿನಿಂದ ತೀರ್ಮಾನವಾಗುತ್ತದೆ. ಹರಾಜೆಂದರೇನೆಂದು ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಹೆಚ್ಚು ಕೂಗಿದವನಿಗೇ ಮೇಲಿನ ಸ್ಥಾನವೆಂಬ ನಿಯಮವಿಲ್ಲ. ಗೂಗಲ್ ಸಂಸ್ಥೆ 2002ರಲ್ಲಿ ಕೂಗಿದ ಬೆಲೆಯೊಡನೆ ಕ್ಲಿಕ್ ಪ್ರಮಾಣವನ್ನೂ ಸೇರಿಸಿ ತೂಗುವ ಪದ್ಧತಿಯನ್ನು ತಂದಿತು. ಒಬ್ಬನು ಪ್ರತಿಯೊಂದು ಕ್ಲಿಕ್‌ಗೆ ಹತ್ತು ರೂಪಾಯಿ ಕೊಡಲು ಸಿದ್ಧನಿದ್ದಾನೆ, ಆದರೆ ಅವನ ಜಾಹೀರಾತನ್ನು ನೂರರಲ್ಲಿ ಒಬ್ಬರು ಮಾತ್ರ ಒತ್ತುತ್ತಾರೆ ಎಂದುಕೊಳ್ಳೋಣ. ಇನ್ನೊಬ್ಬನು ನಾಲ್ಕೇ ರೂಪಾಯಿ ಕೊಡುತ್ತಾನೆ, ಅವನದನ್ನು ನೂರರಲ್ಲಿ ಮೂವರು ಒತ್ತುತ್ತಾರೆ. ನೂರು ಬಾರಿ ತೋರಿಸಿದಾಗ ಮೊದಲನೆಯವನಿಂದ ತಾಣಕ್ಕೆ ಬರುವುದು ಹತ್ತು ರೂಪಾಯಿ. ಎರಡನೆಯವನಿಂದ ಹನ್ನೆರಡು ರೂಪಾಯಿ. ಆದುದರಿಂದ ಹಣದಲ್ಲಿ ಚಿಕ್ಕವನಾದರೂ ಜನರಿಗೆ ಬೇಕಾದುದನ್ನು ಹೇಳಬಲ್ಲವನು ಮೇಲೇರಬಹುದು. ಈ ವ್ಯವಸ್ಥೆಯಲ್ಲಿ ಹಳ್ಳಿಯ ಸಣ್ಣ ಉತ್ಪಾದಕನಿಗೂ ಒಂದು ಆಸೆಯ ಬಾಗಿಲು ತೆರೆದಿದೆಯೆಂಬುದನ್ನು ಒಪ್ಪಲೇಬೇಕು.

ಹೊಸ ಅಗ್ರಹಾರದ ಕೆಲವು ಮಹಿಳೆಯರು ಸಂಘ ಕಟ್ಟಿಕೊಂಡು ರಾಜಮುಡಿ ಅಕ್ಕಿಯನ್ನು ಮಾರಲು ಹೊರಟರೆಂದು ಊಹಿಸೋಣ. ‘ನಂಬಲಾಗದ ಬೆಲೆ! ಈ ಕ್ಷಣವೇ ಒತ್ತಿ!’ ಎಂದು ಅವರು ಬರೆಸಬಹುದು. ಅಥವಾ ‘ಹೊಸ ಅಗ್ರಹಾರದ ಗದ್ದೆಯ ರಾಜಮುಡಿ ಅಕ್ಕಿ, ಐದು ಕಿಲೋ ಚೀಲ, ಮೈಸೂರು ನಗರದಲ್ಲಿ ಮನೆಗೆ ತಲುಪಿಸುತ್ತೇವೆ’ ಎಂದು ಬರೆಸಿ ಬೆಲೆಯನ್ನೂ ಕಾಣಿಸಬಹುದು. ಮೊದಲನೆಯದನ್ನು ಹತ್ತು ಸಾವಿರದಲ್ಲಿ ಮುನ್ನೂರು ಮಂದಿ ಒತ್ತಿ ಮೂವರು ಕೊಂಡರೆನ್ನಿ; ಎರಡನೆಯದನ್ನು ನೂರು ಮಂದಿ ಒತ್ತಿ ಹತ್ತು ಮಂದಿ ಕೊಂಡರೆನ್ನಿ. ಒಂದು ಕ್ಲಿಕ್‌ಗೆ ಐದು ರೂಪಾಯಿಯಾದರೆ, ಮೊದಲನೆಯ ದಾರಿಯಲ್ಲಿ ಒಬ್ಬ ಗಿರಾಕಿಯನ್ನು ಪಡೆಯಲು ಐನೂರು ರೂಪಾಯಿ ಬೇಕಾಯಿತು. ಎರಡನೆಯ ದಾರಿಯಲ್ಲಿ ಐವತ್ತು ರೂಪಾಯಿ ಸಾಕಾಯಿತು. ಕ್ಲಿಕ್ ಪ್ರಮಾಣ ಮೂರು ಪಟ್ಟು ಹೆಚ್ಚಿದ್ದ ಜಾಹೀರಾತೇ ಸೋತಿತು! ಒತ್ತಿದವರೆಲ್ಲರೂ ಒಪ್ಪಿದವರಲ್ಲ.

ಹಾಗಾದರೆ ಈ ಪ್ರಮಾಣವನ್ನು ಹೆಚ್ಚಿಸುವ ಪ್ರಯತ್ನವೇ ತಪ್ಪೆ? ಖಂಡಿತವಾಗಿಯೂ ಅಲ್ಲ. ಹೆಚ್ಚಿಸುವ ನೇರವಾದ ಮಾರ್ಗಗಳಿವೆ. ಅಕ್ಕಿ ಬೇಕಾದವನಿಗೆ ಅಕ್ಕಿಯ ಮಾತನ್ನು ಹೇಳಬೇಕು; ಲಾರಿಯ ಚಕ್ರ ಹುಡುಕುತ್ತಿರುವವನಿಗೆ ಹೇಳಿ ಪ್ರಯೋಜನವಿಲ್ಲ. ಓದುವವನ ಭಾಷೆಯಲ್ಲಿ, ಅವನು ದಿನನಿತ್ಯ ಬಳಸುವ ಮಾತಿನಲ್ಲಿ ಹೇಳಬೇಕು. ಕನ್ನಡಿಗನಿಗೆ ಕನ್ನಡದ ಒಂದು ಸರಳವಾಕ್ಯ ತಲುಪುವಂತೆ ಪರಭಾಷೆಯ ಆಡಂಬರ ತಲುಪಲಾರದು. ಒತ್ತಿದೊಡನೆ ತೆರೆಯುವ ಪುಟ ಕೊಟ್ಟ ಮಾತಿಗೆ ತಕ್ಕಂತಿರಬೇಕು. ಸಾಧಾರಣ ಫೋನಿನಲ್ಲಿಯೂ ಬೇಗ ತೆರೆಯಬೇಕು. ಒಬ್ಬನಿಗೇ ಒಂದೇ ಜಾಹೀರಾತನ್ನು ದಿನಕ್ಕೆ ಹತ್ತು ಬಾರಿ ತೋರಿಸಿ ಬೇಸರ ತರಿಸಬಾರದು. ಎರಡು ಬಗೆಯ ಬರಹಗಳಲ್ಲಿ ಯಾವುದು ಮೇಲೆಂದು ತಿಳಿಯಬೇಕಾದರೆ ಎರಡನ್ನೂ ಒಂದೇ ಕಾಲದಲ್ಲಿ, ಒಂದೇ ಬಗೆಯ ಜನರ ಮುಂದಿಟ್ಟು ನೋಡಬೇಕು. ಇನ್ನೂರರಲ್ಲಿ ನಾಲ್ವರು ಒಂದನ್ನು, ಇನ್ನೂರರಲ್ಲಿ ಆರು ಮಂದಿ ಇನ್ನೊಂದನ್ನು ಒತ್ತಿದ ಮಾತ್ರಕ್ಕೆ ಎರಡನೆಯದು ಗೆದ್ದಿತೆನ್ನಲಾಗದು. ಒಂದೆರಡು ತೆನೆಗಳನ್ನು ನೋಡಿ ಇಡೀ ಗದ್ದೆಯ ಇಳುವರಿಯನ್ನು ಹೇಳುವ ರೈತನುಂಟೆ?

ಆದರೆ ಇವೆಲ್ಲ ಶ್ರಮದ ದಾರಿಗಳು. ಒಳದಾರಿಗಳೂ ಇವೆ. ಮುಚ್ಚುವ ಗುರುತನ್ನು ಸಾಸಿವೆಯಷ್ಟು ಚಿಕ್ಕದಾಗಿ ಮಾಡಿದರೆ ಮುಚ್ಚಲು ಹೋದ ಬೆರಳು ಜಾರಿ ಜಾಹೀರಾತಿನ ಮೇಲೆಯೇ ಬೀಳುತ್ತದೆ. ಸುದ್ದಿಯ ವೇಷ ತೊಡಿಸಿದರೆ ಓದುಗನು ಸುದ್ದಿಯೆಂದೇ ನಂಬಿ ಒತ್ತುತ್ತಾನೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರವನ್ನು ಹುಟ್ಟಿಸಿದರೆ ಯೋಚಿಸುವವನೂ ಯೋಚನೆಯನ್ನು ಬಿಡುತ್ತಾನೆ. ಎಣಿಸುವ ಯಂತ್ರಕ್ಕೆ ಜಾರಿದ ಬೆರಳೂ ಒಂದೇ, ಬಯಸಿದ ಬೆರಳೂ ಒಂದೇ. ಭಾರತ ಸರ್ಕಾರವು 2023ರ ನವೆಂಬರ್‌ನಲ್ಲಿ ಇಂತಹ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿಯನ್ನು ಹೊರಡಿಸಿತು. ಸುಳ್ಳು ಅವಸರವೂ ಮಾರುವೇಷದ ಜಾಹೀರಾತೂ ಆ ಪಟ್ಟಿಯಲ್ಲಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ದಾರಿತಪ್ಪಿಸುವ ಜಾಹೀರಾತುಗಳಿಗೆ ದಂಡವನ್ನು ವಿಧಿಸುತ್ತದೆ.

ಕಾಯಿದೆಯಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ನನ್ನ ಬಂಧುಗಳೊಬ್ಬರ ಅನುಭವ ಇಲ್ಲಿ ನೆನಪಾಗುತ್ತದೆ. ಫಸಲು ಇನ್ನೂ ಮಾರಾಟವಾಗಿರಲಿಲ್ಲ. ಮಗಳ ಕಾಲೇಜಿನ ಶುಲ್ಕ ಕಟ್ಟುವ ದಿನ ಹತ್ತಿರವಾಗಿತ್ತು. ಆಗ ಅವರ ಫೋನಿನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವೆವೆಂಬ ಜಾಹೀರಾತು ಮಿಂಚಿತು. ಅವರು ಒತ್ತಿದರು. ಸಾಲವೇನೋ ಬಂದಿತು, ಅದರ ಹಿಂದೆಯೇ ಹೇಳದೆ ಹಿಡಿದುಕೊಂಡ ಶುಲ್ಕಗಳು ಬಂದವು, ಬಳಿಕ ಹೊತ್ತುಗೊತ್ತಿಲ್ಲದ ಬೆದರಿಕೆಯ ಕರೆಗಳು ಬಂದವು. ಫೋನಿನಲ್ಲಿದ್ದ ನೆಂಟರಿಷ್ಟರ ಹೆಸರುಗಳನ್ನೆಲ್ಲ ಸಾಲ ಕೊಟ್ಟವರು ಮೊದಲೇ ತೆಗೆದುಕೊಂಡಿದ್ದರು. ಅನೇಕ ವಾರಗಳ ಕಾಲ ಆ ಮನೆಯವರು ಊರಿನಲ್ಲಿ ತಲೆಯೆತ್ತಿ ನಡೆಯಲಿಲ್ಲ. ಜಾಹೀರಾತು ನೀಡಿದವರ ಲೆಕ್ಕದ ಪುಸ್ತಕದಲ್ಲಾದರೋ ಆ ಬೆರಳಿನ ಸ್ಪರ್ಶ ಒಂದು ಜಯವೆಂದೇ ದಾಖಲಾಗಿರಬೇಕು. ಕಷ್ಟದಲ್ಲಿರುವವನೇ ಬೇಗನೆ ಒತ್ತುತ್ತಾನೆ. ಆದಕಾರಣ ಕಷ್ಟವನ್ನು ಹುಡುಕಿಕೊಂಡು ಹೋಗುವ ಜಾಹೀರಾತಿಗೆ ಒಳ್ಳೆಯ ಪ್ರಮಾಣ ದೊರೆಯುವುದು ಆಶ್ಚರ್ಯವಲ್ಲ. ಅಂಕಿ ಏರಿತೆಂದ ಮಾತ್ರಕ್ಕೆ ಹಿತವಾಯಿತೆಂದು ಹೇಳಲಾಗದು.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದರು. ಆ ಮಾತನ್ನು ಹೊಸ ಸಂತೆಗೂ ಅನ್ವಯಿಸಿಕೊಳ್ಳಬೇಕಾಗಿದೆ. ಇಂದು ಶಾಲೆಯಲ್ಲಿ ಓದುತ್ತಿರುವವರಲ್ಲಿ ಕೆಲವರು ನಾಳೆ ಜಾಹೀರಾತು ಬರೆಯುವವರಾಗಬಹುದು. ಜಾಹೀರಾತು ನೋಡುವವರಂತೂ ಎಲ್ಲರೂ ಆಗಿಯೇ ಇದ್ದಾರೆ. ಬರೆಯುವವರು ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಒತ್ತಿದವನು ಒತ್ತಿದ ಮೇಲೆ ಸಂತೋಷಪಟ್ಟನೆ? ಮತ್ತೊಮ್ಮೆ ಬಂದನೆ? ನೋಡುವವರು ಒತ್ತುವ ಮುನ್ನ ಒಂದು ಕ್ಷಣ ಬೆರಳನ್ನು ತಡೆದು, ಮಾರುವವನು ಯಾರು, ಅವನಿರುವುದು ಎಲ್ಲಿ, ಅವನು ಕೇಳುತ್ತಿರುವುದೇನು ಎಂದು ವಿಚಾರಿಸಲಿ. ಮೋಸಹೋಗಿ ಹಣ ಕಳೆದುಕೊಂಡರೆ ನಾಚಿ ಮುಚ್ಚಿಡದೆ ಕೂಡಲೇ 1930 ಎಂಬ ಸಹಾಯವಾಣಿಗೆ ತಿಳಿಸಲಿ.

ಚುಂಚನಕಟ್ಟೆಯಲ್ಲಿ ಎತ್ತಿನ ಹಲ್ಲು ನೋಡದೆ ಟವಲಿನೊಳಗೆ ಕೈಯಿಟ್ಟವನನ್ನು ಜನ ಜಾಣನೆನ್ನಲಾರರು. ಹಾಗೆಯೇ ಹಲ್ಲು ತೋರಿಸಲು ಹಿಂಜರಿಯುವ ಮಾರಾಟಗಾರನನ್ನೂ ಯಾರೂ ನಂಬಲಾರರು. ಈ ಎರಡು ತಿಳಿವಳಿಕೆಗಳು ನಮ್ಮ ಜನರಲ್ಲಿ ಹಿಂದಿನಿಂದಲೂ ಇವೆ. ಅವನ್ನು ಗಾಜಿನ ಮೇಲಿನ ಜಾತ್ರೆಗೂ ಕೊಂಡೊಯ್ದರೆ ಒತ್ತಿದವರ ಎಣಿಕೆಗೂ ಒಪ್ಪಿದವರ ಎಣಿಕೆಗೂ ಇರುವ ಅಂತರ ತಾನಾಗಿಯೇ ಕಡಿಮೆಯಾದೀತು.