ಆಳಕ್ಕೊಂದು ಮೀನು

ಅಂತರಘಟ್ಟೆಯಿಂದ ಕೆಮ್ಮಣ್ಣುಗುಂಡಿಗೆ ಪ್ರವಾಸ ಹೊರಟ ಮಕ್ಕಳು ದಾರಿಯುದ್ದಕ್ಕೂ ಗಿಡಮರ ಬದಲಾಗುವುದನ್ನು ಕಾಣಬಹುದು. ಬಯಲಿನಲ್ಲಿ ಜಾಲಿ, ತಪ್ಪಲಿನಲ್ಲಿ ದಟ್ಟ ಕಾಡು, ಬೆಟ್ಟದ ಮೇಲೆ ಹುಲ್ಲುಗಾವಲು ಮತ್ತು ಶೋಲಾ. ಎತ್ತರ ಬದಲಾದಂತೆ ಜೀವಿಗಳೂ ಬದಲು. ಕಡಲಿನಲ್ಲಿಯೂ ಹೀಗೆಯೇ, ಅಲ್ಲಿ ಎತ್ತರದ ಲೆಕ್ಕವಲ್ಲ, ಆಳದ ಲೆಕ್ಕ.

ಹವಳ ಕಲ್ಲಲ್ಲ, ಗಿಡವೂ ಅಲ್ಲ; ಅದೊಂದು ಪುಟ್ಟ ಪ್ರಾಣಿ. ಅದರ ಮೈಯೊಳಗಿರುವ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ಕರ್ನಾಟಕದಲ್ಲಿ ಹವಳವನ್ನೂ ಅದರ ಆಸರೆಯಲ್ಲಿ ಬದುಕುವ ಚಿಟ್ಟೆಮೀನು, ಗಿಳಿಮೀನುಗಳನ್ನೂ ನೋಡಲು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಹೋಗಬೇಕು.

ಸಮುದ್ರದ ನೀರು ಬಿಸಿಯೇರಿದರೆ ಪಾಚಿ ಹವಳವನ್ನು ತೊರೆಯುತ್ತದೆ. ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ಬಹುಕಾಲ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ಹವಳ ಸತ್ತರೆ ಅದನ್ನೇ ನಂಬಿದ ಮೀನುಗಳ ಗತಿಯೇನು?

30ರಿಂದ 150 ಮೀಟರ್ ಆಳದಲ್ಲಿಯೂ ಹವಳದ ದಿಬ್ಬಗಳಿವೆ. ಅಲ್ಲಿ ಬೆಳಕು ಮಂದ, ನೀರು ತಂಪು. ಮೇಲಿನ ಮೀನುಗಳು ಕಷ್ಟಕಾಲದಲ್ಲಿ ಅಲ್ಲಿ ತಲೆಮರೆಸಿಕೊಂಡು, ಮುಂದೆ ಮರಳಿ ಬರಬಹುದೆಂದು ಅನೇಕ ವಿಜ್ಞಾನಿಗಳು ನಂಬಿದ್ದರು. ಆದರೆ ಲೂಯಿಜ್ ರೋಚಾ ಮತ್ತು ಸಂಗಡಿಗರು ವಿಶೇಷ ಉಸಿರಾಟದ ಉಪಕರಣ ತೊಟ್ಟು ಆ ಆಳಕ್ಕೇ ಇಳಿದು ನೋಡಿದರು. 2018ರಲ್ಲಿ ಪ್ರಕಟವಾದ ಅವರ ವರದಿ ಈ ನಂಬಿಕೆಯನ್ನು ಅಲುಗಿಸಿತು. ಆಳದ ಮೀನುಗಳು ಬಹುಪಾಲು ಬೇರೆಯೇ ಜಾತಿಯವು. ಎರಡೂ ಕಡೆ ಬಾಳುವ ಮೀನುಗಳು ಕಡಿಮೆ. ಬಿಸಿನೀರು, ಮೀನುಗಾರಿಕೆಯ ಪೆಟ್ಟು ಆಳವನ್ನೂ ಬಿಟ್ಟಿರಲಿಲ್ಲ. ಆಳದ ದಿಬ್ಬಗಳಲ್ಲಿಯೇ ಪ್ಲಾಸ್ಟಿಕ್ ಕಸ ಹೆಚ್ಚು, ಅದರಲ್ಲಿ ಬಹುಪಾಲು ಹರಿದ ಬಲೆ, ಹಗ್ಗ, ಗಾಳದ ದಾರ ಎಂದು 2023ರ ಇನ್ನೊಂದು ಅಧ್ಯಯನ ತಿಳಿಸಿತು.

ಬಯಲಿನ ಜಾಲಿ ಒಣಗಿತೆಂದು ಬೆಟ್ಟದ ಶೋಲಾ ಇಳಿದು ಬಂದು ನೆರಳು ಕೊಡುವುದಿಲ್ಲ. ಹಾಗೆಯೇ ನೇತ್ರಾಣಿಯ ಮೀನುಗಳನ್ನು ನೇತ್ರಾಣಿಯಲ್ಲಿಯೇ ಕಾಯಬೇಕು. ಆಳದವನ್ನು ಆಳದಲ್ಲಿಯೇ ಕಾಯಬೇಕು. ದೋಣಿಯವರು ಹವಳದ ಮೇಲೆ ಲಂಗರು ಇಳಿಸಬಾರದು. ಹರಿದ ಬಲೆಯನ್ನು ಕಡಲಿಗೆ ಎಸೆಯದೆ ದಡಕ್ಕೆ ತರಬೇಕು.

ಕಡಲು ಕಾಣದ ಊರಿನವರಿಗೂ ಇದರಲ್ಲಿ ಪಾಲಿದೆ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಕೀಳುವುದು, ಮಾರುವುದು ಅಪರಾಧ. ಪ್ರವಾಸದಲ್ಲಿ ಯಾರಾದರೂ ಹವಳದ ತುಂಡನ್ನು ತೋರಿಸಿ ಬೆಲೆ ಹೇಳಿದರೆ ಮಕ್ಕಳು ಅಪ್ಪನ ಕೈ ಜಗ್ಗಿ, ‘ಬೇಡ’ ಎನ್ನಲಿ. ಅದು ಯಾವುದೋ ಮೀನಿನ ಮನೆ.