ಕೊಂಬೆ ಬೀಳೋಕೆ ಒಂದು ನಿಮಿಷ, ಬೀದಿ ತೆರೆಯೋಕೆ ಮೂರು ಇಲಾಖೆ

ಭರಣಿ ಮಳೆ ಗಾಳಿ ಸಮೇತ ಅರ್ಧ ಗಂಟೆ ಹೊಡೆದರೆ ಸಾಕು. ಮದ್ದೂರಾಗಲಿ, ಪಾಂಡವಪುರವಾಗಲಿ, ಕೆ.ಆರ್.ಪೇಟೆಯಾಗಲಿ, ಎಲ್ಲೋ ಒಂದು ಪೇಟೆ ಬೀದಿ ಬಂದ್ ಆಗುತ್ತೆ. ಇಡೀ ಮರ ಬೀಳಬೇಕಂತಿಲ್ಲ. ಒಂದು ದಪ್ಪ ಕೊಂಬೆ ಮುರಿದು ಬಿದ್ದರೆ ಅದರ ಜೊತೆ ಕರೆಂಟು ತಂತಿ, ಕೇಬಲ್ಲು ಎಲ್ಲಾ ರಸ್ತೆಗೆ ಬರುತ್ತೆ.

ಅಲ್ಲಿಂದ ನಷ್ಟದ ಲೆಕ್ಕ ಶುರು. ಹೋಟೆಲಲ್ಲಿ ಗ್ರೈಂಡರ್ ನಿಲ್ಲುತ್ತೆ, ಬೇಕರಿ ಫ್ರಿಜ್ ಆಫ್. ಮೆಡಿಕಲ್ ಸ್ಟೋರಿನಲ್ಲಿ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಕರೆಂಟಿಲ್ಲದಿದ್ದರೆ ಅಲ್ಲೂ ಆತಂಕ. ನೆಟ್ ಹೋದ ಅಂಗಡಿಯಲ್ಲಿ ಬಿಲ್ ಮೆಷಿನ್ ಕೆಲಸ ಮಾಡಲ್ಲ. ಸಂತೆ ದಿನವಾದರೆ ಬಂದ ಗಿರಾಕಿ ಪಕ್ಕದ ಬೀದಿಗೆ ಹೋಗ್ತಾನೆ. ಈ ನಷ್ಟ ಯಾವ ಇಲಾಖೆಯ ಪುಸ್ತಕದಲ್ಲೂ ಬರೆಯೋದಿಲ್ಲ.

ತಡವಾಗೋದು ಯಾಕೆ? ತಂತಿ ಚೆಸ್ಕಾಂದು. ರಸ್ತೆ, ಚರಂಡಿ ಪುರಸಭೆಯದ್ದು. ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಲೈನ್ ಆಫ್ ಆಗದೆ ಗರಗಸ ಹಿಡಿದವರು ಹತ್ತಿರ ಹೋಗಂಗಿಲ್ಲ, ಕೊಂಬೆ ತೆಗೆಯದೆ ಲೈನ್‌ಮನ್ ತಂತಿ ಎಳೆಯಂಗಿಲ್ಲ. ಒಬ್ಬರಿಗೆ ಇನ್ನೊಬ್ಬರು ಕಾಯ್ತಾ ಇರ್ತಾರೆ, ಜನ ಇಬ್ಬರಿಗೂ ಕಾಯ್ತಾರೆ.

ಆದರೆ ಕೊಂಬೆ ಏಕಾಏಕಿ ಬೀಳೋದು ಕಡಿಮೆ. ರಸ್ತೆ ಬದಿಯಲ್ಲಿ ಹೆಚ್ಚಾಗಿರೋ ಗುಲ್‌ಮೊಹರ್ ಮಡಗಾಸ್ಕರ್ ಮೂಲದ ಮರ. ಬೇಗ ಬೆಳೆಯುತ್ತೆ, ನೆರಳು ಚೆನ್ನಾಗಿ ಕೊಡುತ್ತೆ, ಆದರೆ ಕಟ್ಟಿಗೆ ಪೆಳಸು, ಬೇರು ಮೇಲ್ಮೇಲೆ. ಅಂಥ ಮರದ ಬುಡಕ್ಕೆ ಕಾಂಕ್ರೀಟ್ ಸುರಿದು, ಚರಂಡಿಗೆ ಅಂತ ಒಂದು ಕಡೆ ಬೇರು ಕಡಿದು, ಫ್ಲೆಕ್ಸ್ ಕಟ್ಟೋಕೆ ಮೊಳೆ ಹೊಡೆದದ್ದು ನಾವೇ. ತಂತಿಗೆ ತಾಗುತ್ತೆ ಅಂತ ಒಂದೇ ಮಗ್ಗುಲು ಸವರಿದರೆ ಮರದ ಭಾರವೆಲ್ಲ ಇನ್ನೊಂದು ಮಗ್ಗುಲಿಗೆ, ಅಂದರೆ ಅಂಗಡಿ ಕಡೆಗೋ ರಸ್ತೆ ಕಡೆಗೋ ವಾಲುತ್ತೆ. ಗಾಳಿ ಕೊನೆಯ ಒಂದು ತಳ್ಳು ಕೊಡುತ್ತೆ ಅಷ್ಟೇ.

ಗಾಳಿಯೇ ಬೇಕು ಅಂತಲೂ ಇಲ್ಲ. 2025ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವಕನ ತಲೆ ಮೇಲೆ ಒಣಕೊಂಬೆ ಬಿತ್ತು. ಕೆಲವು ದಿನದಲ್ಲೇ ಆಸ್ಪತ್ರೆಯಲ್ಲಿ ಜೀವ ಹೋಯಿತು. ಎಲೆ ಬಿಡದ ಕೊಂಬೆ, ಬಿರುಕು ಬಿಟ್ಟ ಕವಲು, ಬುಡದಲ್ಲಿ ಅಣಬೆ: ಇವೆಲ್ಲ ಕೆಳಗೆ ನಿಂತವರಿಗೇ ಕಾಣೋ ಎಚ್ಚರಿಕೆ.

ಕೊಂಬೆ ಬಿದ್ದ ಮಾರನೇ ದಿನ ಬರೋ ಮಾತು ಒಂದೇ, "ಮರಾನೇ ತೆಗೆಸಿಬಿಡಿ ಸಾರ್." ಅದು ದುಬಾರಿ ಪರಿಹಾರ. ಏಪ್ರಿಲ್ ಬಿಸಿಲಲ್ಲಿ ಗಿರಾಕಿ ಗಾಡಿ ನಿಲ್ಲಿಸೋದು, ಹೂವಿನವರು ತಳ್ಳುಗಾಡಿ ಇಡೋದು ಅದೇ ನೆರಳಿಗೆ. ತೆಗೆಯಬೇಕಾದ್ದು ಒಣಕೊಂಬೆ, ತೆಗೆಯಬೇಕಾದ ಕಾಲ ಸಂಕ್ರಾಂತಿ ಆದಮೇಲೆ, ಯುಗಾದಿ ಒಳಗೆ.

ದಾರಿ ಕಷ್ಟದ್ದೇನಲ್ಲ. ನಿರ್ವಹಣೆ ಕೆಲಸಕ್ಕೆ ಅಂತ ಚೆಸ್ಕಾಂ ಆಗಾಗ ಮುಂಚಿತವಾಗಿ ಪ್ರಕಟಣೆ ಕೊಟ್ಟು ಕರೆಂಟು ತೆಗೆಯುತ್ತೆ. ಅದೇ ದಿನ ಪುರಸಭೆ ಟ್ರ್ಯಾಕ್ಟರ್, ಅರಣ್ಯ ಇಲಾಖೆ ಸಿಬ್ಬಂದಿ ಬಂದರೆ ಒಂದು ಬೀದಿಯ ಒಣಕೊಂಬೆಯೆಲ್ಲ ಒಂದೇ ಸಲ ಇಳಿಸಬಹುದು. ಅದಕ್ಕೆ ವರ್ತಕರು ಒಬ್ಬೊಬ್ಬರೇ ಫೋನ್ ಮಾಡೋ ಬದಲು ಬೀದಿಯವರೆಲ್ಲ ಸಹಿ ಹಾಕಿದ ಒಂದೇ ಅರ್ಜಿಯನ್ನ ಫೋಟೋ ಸಮೇತ ಮೂರೂ ಕಚೇರಿಗೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಆಮೇಲೆ "ನಮಗೆ ಗೊತ್ತೇ ಇರಲಿಲ್ಲ" ಅನ್ನೋಕೆ ಯಾರಿಗೂ ಆಗಲ್ಲ.

ಈ ವರ್ಷದ ಮಳೆಗೆ ಇನ್ನೆರಡು ಮಾತು. ತಂತಿ ಬಿದ್ದಿದ್ದರೆ ಕರೆಂಟು ಹೋಗಿದೆ ಅಂತ ನಂಬಿ ಕೊಂಬೆ ಎಳೆಯೋಕೆ ಹೋಗಬೇಡಿ, ದೂರ ನಿಂತು 1912ಕ್ಕೆ ಕರೆ ಮಾಡಿ. ಮರದ ಕೆಳಗೆ ಗಾಡಿ ನಿಲ್ಲಿಸೋರು ಇನ್ಶೂರೆನ್ಸ್ ಕಾಗದ ತೆಗೆದು ನೋಡಿಕೊಳ್ಳಿ. ಬರೀ ಥರ್ಡ್ ಪಾರ್ಟಿ ಇದ್ದರೆ ಕೊಂಬೆ ಬಿದ್ದು ಜಜ್ಜಿದ ಗಾಡಿಗೆ ಅದರಿಂದ ಒಂದು ರೂಪಾಯಿಯೂ ಸಿಗಲ್ಲ.